ಅವರೆಬೇಳೆ ಸಾರೂ ನನ್ನ ಒಂದು ಫೋನ್ ಕರೆಯೂ

ಇದನ್ನು ಬರೆಯಬೇಕೆಂದು ಹೋದ ಚಳಿಗಾಲದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಪೆನ್ನು ಹಿಡಿದ ಕೂಡಲೇ ಏನಾದರೊಂದು ಕೆಲಸ ನೆನಪಾಗುತ್ತದೆ. ಸಂಪಿನ ಮೋಟಾರು ಹಾಕಬೇಕು, ಗ್ಯಾಸ್ ಬುಕ್ ಮಾಡಬೇಕು, ಏನೂ ಇಲ್ಲದಿದ್ದರೆ ಗೋಡೆಯ ಗಡಿಯಾರಕ್ಕೆ ಸೆಲ್ಲು ಬದಲಾಯಿಸಬೇಕು. ಈ ವರ್ಷ ನಮ್ಮ ಗಡಿಯಾರಕ್ಕೆ ಬಿದ್ದಷ್ಟು ಹೊಸ ಸೆಲ್ಲು ಅದರ ಆಯುಷ್ಯದಲ್ಲೇ ಬಿದ್ದಿರಲಿಲ್ಲ. ತಪ್ಪು ಒಪ್ಪಿಕೊಳ್ಳುವುದನ್ನು ಮುಂದಕ್ಕೆ ಹಾಕುತ್ತಿರುವ ಗಂಡಸು ಮನೆಗೆ ಎಷ್ಟು ಉಪಯೋಗಕ್ಕೆ ಬರುತ್ತಾನೆಂದು ನನ್ನ ಹೆಂಡತಿಗೆ ಈಗ ಗೊತ್ತಾಗಿದೆ. ಇವತ್ತು ಮಾಡಲು ಯಾವ ಕೆಲಸವೂ ಉಳಿದಿಲ್ಲ. ಆದ್ದರಿಂದ ಬರೆಯುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಮುಂದಿನ ವಿದ್ಯಾಭ್ಯಾಸವೆಲ್ಲ ಯಶವಂತಪುರದ ಯಾರ್ಡಿನಲ್ಲಿ, ಒಂದು ಮೆಣಸಿನಕಾಯಿ ಮಂಡಿಯ ತೂಕದ ಗುಮಾಸ್ತನಾಗಿ ನಡೆಯಿತು. ಸಂಜೆ ಕೊಡಿಗೇಹಳ್ಳಿಗೆ ಬಂದು ಬಸ್ಸಿಳಿದರೆ ನಮ್ಮ ಬೀದಿಯ ನಾಯಿ ಕೂಡ ಸೀನುತ್ತಿತ್ತು. ಮೂಟೆಯ ಬಾಯಿ ಬಿಚ್ಚುವ ಮೊದಲೇ ಇದು ಬ್ಯಾಡಗಿ, ಇದು ಗುಂಟೂರು, ಇದು ಹೋದ ವರ್ಷದ ಮಾಲಿಗೆ ಎಣ್ಣೆ ಸವರಿ ತಂದದ್ದು ಎಂದು ಮೂಗಿನಲ್ಲೇ ಹೇಳಿಬಿಡುತ್ತಿದ್ದೆ. ಇಂಥ ಮೂಗಿರುವ ನಾನು ಒಂದು ದಿನವೂ ಅಡುಗೆ ಮಾಡಿದವನಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಹೆಂಡತಿ ಊರಿಗೆ ಹೋಗಿದ್ದಾಗ ಒಂದು ಸಲ ಹಾಲು ಕಾಯಿಸಿದ್ದೆ. ಆ ಪಾತ್ರೆಯಲ್ಲಿ ಈಗ ದೊಡ್ಡಪತ್ರೆ ಗಿಡ ಚೆನ್ನಾಗಿ ಬೆಳೆದಿದೆ.

ಕೆಲಸ ಬಿಟ್ಟಮೇಲೆ ಮಧ್ಯಾಹ್ನದ ಹೊತ್ತು ಟೀವಿಯ ಅಡುಗೆ ಕಾರ್ಯಕ್ರಮ ನೋಡುವ ದುರಭ್ಯಾಸ ಹತ್ತಿತು. ನನ್ನ ರಕ್ತದೊತ್ತಡ ಶುರುವಾದದ್ದೂ ಆಗಲೇ. "ಇವತ್ತು ನಮ್ಮ ಅಜ್ಜಿ ಕೈರುಚಿಯ ಹುರುಳಿಕಾಳು ಸಾರು" ಎಂದು ಹೇಳಿ ಆ ನಿರೂಪಕಿ ನಗುತ್ತಾಳೆ. ಒಳ್ಳೆಯದು ಎಂದು ನಾನು ಕಾಲು ಮಡಚಿ ಕುಳಿತುಕೊಳ್ಳುತ್ತೇನೆ. ಮೊದಲು ಪ್ಯಾಕೆಟ್ಟಿನ ಶುಂಠಿ ಬೆಳ್ಳುಳ್ಳಿ ಪೇಸ್ಟು ಬೀಳುತ್ತದೆ. ಆಮೇಲೆ ಬಾಟಲಿಯ ಹುಣಸೆರಸ, ಡಬ್ಬದ ತೆಂಗಿನಹಾಲು. ಕೊನೆಗೆ ಬರುವುದು ಕಾರ್ಯಕ್ರಮದ ಪ್ರಾಯೋಜಕರ ಮಸಾಲೆ ಪ್ಯಾಕೆಟ್ಟು. ಅದನ್ನು ಮಾತ್ರ ಹಾಗೇ ಸುರಿಯುವಂತಿಲ್ಲ. ನಾಮಕರಣದ ದಿನ ಮಗುವನ್ನು ತೋರಿಸುವ ಹಾಗೆ ಕೆನ್ನೆಯ ಪಕ್ಕ ಎತ್ತಿ ಹಿಡಿದು ನಾಲ್ಕು ಒಳ್ಳೆಯ ಮಾತು ಹೇಳಬೇಕು. ಒರಳು ಬೇಡ, ಈಳಿಗೆಮಣೆ ಬೇಡ, ಒಂದು ಕತ್ತರಿ ಇದ್ದರೆ ಅಡುಗೆ ಮುಗಿಯಿತು. ಟೈಲರ್ ಅಂಗಡಿಯಲ್ಲೂ ಇಷ್ಟೊಂದು ಕತ್ತರಿಸುವುದನ್ನು ನಾನು ನೋಡಿಲ್ಲ. ಅಜ್ಜಿಯೇ ಪ್ಯಾಕೆಟ್ಟಿನಲ್ಲಿ ಬಂದಿದ್ದಳೋ ಏನೋ. ಕೊನೆಯಲ್ಲಿ ನಿರೂಪಕಿ ಸಾರನ್ನು ಚಮಚದ ತುದಿಗೆ ಮುಟ್ಟಿಸಿ, ಅದು ನಾಲಗೆಗೆ ತಲುಪುವ ಮೊದಲೇ ಕಣ್ಣು ಮುಚ್ಚಿ, "ಮ್ಮ್ಮ್... ವಾವ್!" ಎನ್ನುತ್ತಾಳೆ.

"ಥೂ!" ಎನ್ನುತ್ತೇನೆ ನಾನು.

"ನೋಡಿ ಅಂತ ಯಾರ್ರೀ ಕೈ ಮುಗಿದು ಕರ್ದಿದ್ದು? ಆಫ್ ಮಾಡಿ" ಎನ್ನುತ್ತಾಳೆ ಹೆಂಡತಿ.

"ಆಫ್ ಮಾಡುದ್ರೆ ಬೈಯೋರು ಯಾರೇ?"

ಬೈದರೆ ನಮ್ಮ ಮನೆಯ ಗೋಡೆಗೆ ಕೇಳಿಸುತ್ತದೆಯೇ ಹೊರತು ಟೀವಿಯವರಿಗಲ್ಲ. ಅದಕ್ಕಾಗಿ ಕಾರ್ಯಕ್ರಮದ ಕೆಳಗೆ ಓಡುವ ನಂಬರಿಗೆ ಎಷ್ಟೋ ತಿಂಗಳು ಫೋನ್ ಮಾಡಿದೆ. ಒಂದು ಸಲವೂ ಲೈನ್ ಸಿಗಲಿಲ್ಲ. ಸಿಕ್ಕರೆ ಹೇಳಬೇಕಾದ ಮಾತುಗಳನ್ನು ಸ್ನಾನ ಮಾಡುವಾಗ, ವಾಕಿಂಗ್ ಹೋಗುವಾಗ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ಹೀಗೆ ತುಂಬಿಸಿಟ್ಟ ಬಂದೂಕಿನ ಹಾಗಿದ್ದ ನನ್ನ ಕೈಗೆ ಫೋನ್ ಕೊಟ್ಟವಳು ಬೇರೆ ಯಾರೂ ಅಲ್ಲ, ನನ್ನ ನಾದಿನಿ.

ನಾದಿನಿ ಎಂದರೆ ನನ್ನ ಹೆಂಡತಿಯ ತಂಗಿ. ರಾಜಾನುಕುಂಟೆಗೆ ಕೊಟ್ಟಿದೆ. ಅವಳ ಕೈಯ ಸಾರಿನ ಪುಡಿಯ ಮುಂದೆ ನನ್ನ ಮೂಗು ಕೂಡ ತಲೆ ಬಾಗಿಸುತ್ತದೆ. ಧನಿಯ ಬೇರೆ, ಮೆಣಸಿನಕಾಯಿ ಬೇರೆ, ಮೆಂತ್ಯ ಬೇರೆ ಹುರಿಯುತ್ತಾಳೆ; ಅವಸರ ಎಂಬುದೇ ಇಲ್ಲ. ಅಲ್ಲಿ ಎದ್ದಿರುವ ಹೊಸ ಲೇಔಟುಗಳ ಹೆಂಗಸರು ಒಬ್ಬರ ಬಾಯಿಂದ ಒಬ್ಬರು ಕೇಳಿ ಪುಡಿ ಕೊಳ್ಳತೊಡಗಿದರು. ಆ ಧೈರ್ಯದ ಮೇಲೆ ಅವಳು ರಸ್ತೆ ಬದಿಯಲ್ಲಿ ಒಂದು ಪುಟ್ಟ ಅಂಗಡಿ ಹಿಡಿದು, ಪುಡಿ ಮಾಡುವ ಮಿಷನ್ನು ಹಾಕಿಸಿ, ಕೆಲಸಕ್ಕೆ ಇಬ್ಬರು ಹೆಂಗಸರನ್ನೂ ಇಟ್ಟುಕೊಂಡಳು. ಇನ್ನಷ್ಟು ಮನೆಯವರು ಕೊಂಡರೆ ಅಂಗಡಿ ನಿಲ್ಲುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅಷ್ಟರಲ್ಲಿ ಗಿರಾಕಿಯೊಬ್ಬರ ಕಡೆಯಿಂದ ಆ ಟೀವಿಯವರ ಪರಿಚಯವಾಗಿ, ಅವರೆಕಾಯಿ ಕಾಲದಲ್ಲಿ ಒಂದು ದಿನ ಬಂದು ಹಿದುಕಿದ ಅವರೆಬೇಳೆ ಸಾರು ಮಾಡಿ ತೋರಿಸಿ ಎಂದು ಕರೆದರು. ನೇರ ಪ್ರಸಾರ. ಅವಳು ಆ ವಾರವೇ ನಮ್ಮ ಮನೆಗೆ ಬಂದಳು.

"ಭಾವ, ಅವ್ರ್ ಮಸಾಲೆ ಪ್ಯಾಕೆಟ್ ತೋರುಸ್ಲೇಬೇಕಂತೆ. ನಾನಾಗ್ ನಾನೇ ನನ್ ಪುಡಿ ಸುದ್ದಿ ಎತ್ತಂಗಿಲ್ವಂತೆ" ಎಂದಳು. "ಆದ್ರೆ ಫೋನ್ ಮಾಡಿದೋರು ಏನಾದ್ರೂ ಕೇಳುದ್ರೆ ಉತ್ರ ಏಳ್ಬೌದಂತೆ. ಅದ್ಕೇ ನಿಮ್ ನಂಬರ್ ಕೊಟ್ಟಿವ್ನಿ. ಅವ್ರೇ ಲೈನ್ ಕೊಡ್ತಾರೆ."

"ಏನ್ ಕೇಳ್ಬೇಕು ಹೇಳು."

"'ಅಮ್ಮಾ, ನಿಮ್ಮನೇಲಿ ಸಾರಿನ ಪುಡಿ ಎಂಗ್ ಮಾಡ್ತೀರಿ, ಅದು ಎಲ್ಲಿ ಸಿಗ್ತದೆ?' ಅಷ್ಟೇ. ಒಂದೇ ಒಂದು ಮಾತು ಭಾವ. ನಿಮ್ ಭಾಷಣ ಮಾತ್ರ ಬ್ಯಾಡ."

"ನಾನ್ಯಾವತ್ತೇ ಭಾಷಣ ಮಾಡಿದ್ದೀನಿ?" ಎಂದೆ. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಆ ದಿನ ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ಬಂದವರ ಕೈಗೂ ಕೆಲಸವಿರಲೆಂದು ನನ್ನ ಹೆಂಡತಿ ನೆನೆಸಿದ ಅವರೆಕಾಳಿನ ಬೇಸಿನ್ನು ನಡುವೆ ಇಟ್ಟಳು. ಕಾಳು ಹಿದುಕುವುದು ಸುಲಭದ ಕೆಲಸ. ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆ ಜಾರಿ ಬಟ್ಟಲಿಗೆ ಬೀಳುತ್ತದೆ. ಸಿಟ್ಟಿನಲ್ಲಿ ಒತ್ತಿದರೆ ಎಲ್ಲಿಗೆ ಹೋಗುತ್ತದೆಂದು ಹೇಳುವುದಕ್ಕಾಗುವುದಿಲ್ಲ. ಟೀವಿಯಲ್ಲಿ ನಾದಿನಿ ರೇಷ್ಮೆ ಸೀರೆಯುಟ್ಟು, ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ ನಿಂತಿದ್ದಳು. ನಿರೂಪಕಿ ತೆಂಗಿನಕಾಯಿ ಪುಡಿಯ ಪ್ಯಾಕೆಟ್ಟನ್ನು ಕತ್ತರಿಸಿ ಕೊಟ್ಟಳು; ನನ್ನ ಕೈಯ ಬೇಳೆ ಹಾರಿ ಟೀವಿಗೆ ಬಡಿಯಿತು. ಬೆಳ್ಳುಳ್ಳಿ ಪೇಸ್ಟು ಬಂತು. ಇನ್ನೊಂದು ಬೇಳೆ ನಿರೂಪಕಿಯ ಹಣೆಗೆ ಹೋಗಿ ಅಂಟಿಕೊಂಡಿತು. ಆಮೇಲೆ ನನ್ನ ನಾದಿನಿ, ಧನಿಯ ಹುರಿದರೆ ಇಡೀ ಬೀದಿಗೆ ಹಸಿವಾಗಿಸುವ ನನ್ನ ನಾದಿನಿ, ಪ್ರಾಯೋಜಕರ ಮಸಾಲೆ ಪ್ಯಾಕೆಟ್ಟನ್ನು ಕೆನ್ನೆಯ ಪಕ್ಕ ಹಿಡಿದು ನಕ್ಕಳು. ಪ್ಯಾಕೆಟ್ಟನ್ನು ಕೆಳಗಿಟ್ಟು, ಪಕ್ಕದ ಗಾಜಿನ ಬಟ್ಟಲಿನಿಂದ ಮೂರು ಚಮಚ ಪುಡಿಯನ್ನು ಕುದಿಯುವ ಸಾರಿಗೆ ಹಾಕಿದಳು. ಇಷ್ಟೆಲ್ಲ ಆಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದರೂ ಬೆರಳ ನಡುವಿನ ಕಾಳು ಸಿಪ್ಪೆಯ ಸಮೇತ ನುಜ್ಜುಗುಜ್ಜಾಯಿತು. ಆ ಗಳಿಗೆಯಲ್ಲೇ ಫೋನ್ ಬಂತು.

"ಹಲೋ ಸರ್, ಟೀವಿ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ. ಊಟ ಆಯ್ತಾ ಸರ್?" ಎಂದಳು ನಿರೂಪಕಿ. ಹೆಂಡತಿ ನನ್ನನ್ನು ನೋಡಿ ಒಂದು ಬೆರಳು ಎತ್ತಿ ತೋರಿಸಿದಳು. ಒಂದೇ ಮಾತು. ನಾನೂ ತಲೆಯಾಡಿಸಿದೆ. ಬಾಯಿ ತೆರೆದು "ಅಮ್ಮಾ, ನಿಮ್ಮನೇಲಿ" ಎಂದದ್ದೂ ಆಯಿತು. ಅಷ್ಟರಲ್ಲಿ ಆ ಹುಡುಗಿ ನಡುವೆ ಬಾಯಿ ಹಾಕಿ, "ಸರ್, ಮೊದಲು ಹೇಳಿ, ನಮ್ಮ ಮಸಾಲೆಯ ಬಣ್ಣ ಹೇಗೆ ಬಂದಿದೆ? ನೋಡಿದ್ರೇನೇ ಬಾಯಲ್ಲಿ ನೀರು ಬರ್ತಿದೆ ಅಲ್ವಾ?" ಎಂದಳು.

ಬಂದೂಕು ಸಿಡಿಯಿತು.

"ಏನಮ್ಮಾ ಬಣ್ಣ? ಅದೇನು ಸಾರಿನ ಪುಡೀನಾ, ಗೋಡೆಗೆ ಹೊಡೆಯೋ ಬಣ್ಣಾನಾ? ಅಡುಗೆ ಅಂದ್ರೆ ಪ್ಯಾಕೆಟ್ ಕತ್ತರಿಸೋದಾ? ಇಂಥ ಪುಡಿ ಹಾಕೋರಿಗೆ ಸಾರು ಮಾಡೋಕೇ ಬರಲ್ಲ ಅಂತ ನಾನ್ ಹೇಳ್ತೀನಿ!" ನನ್ನ ದನಿ ಒಂದು ಸಲ ಬಾಯಿಂದ, ಒಂದು ಸಲ ಟೀವಿಯಿಂದ ಕೇಳಿಸುತ್ತಿತ್ತು. ಎರಡೆರಡು ಸಲ ಕೇಳಿಸಿದ್ದರಿಂದ ನನ್ನ ಮಾತು ನನಗೆ ಇನ್ನೂ ಸರಿ ಎನ್ನಿಸಿತು. "ಈಯಮ್ಮ ಮಾಡ್ತಿರೋದು ಸಾರೇ ಅಲ್ಲ. ಯಾರೋ ದಾರೀಲಿ ಹೋಗೋನು ಹೇಳ್ತಿಲ್ಲ, ನಾನು ಈಕೆ ಸ್ವಂತ ಭಾವ ಹೇಳ್ತಿದ್ದೀನಿ, ಕೊಡಿಗೇಹಳ್ಳಿಯಿಂದ!"

ಲೈನ್ ಕಟ್ಟಾಯಿತು. "ನೆಟ್‌ವರ್ಕ್ ಪ್ರಾಬ್ಲಮ್ ಅನ್ಸುತ್ತೆ" ಎಂದಳು ನಿರೂಪಕಿ. ನಾದಿನಿ ಸೌಟು ಹಿಡಿದು ನಿಂತೇ ಇದ್ದಳು. ನಗು ಮುಖದ ಮೇಲೆ ಹಾಗೆಯೇ ಇತ್ತು, ತೆಗೆಯಲು ಮರೆತ ಹಾಗೆ. ಆಮೇಲೆ ಜಾಹೀರಾತು ಬಂತು. ಅದೇ ಮಸಾಲೆಯದು.

ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಒಲೆಯ ಮೇಲೆ ಹಾಲಿಟ್ಟು ಬಂದದ್ದನ್ನು ನೆನಪಿಸಿಕೊಂಡು ಎದ್ದು ಹೋದರು.

"ಒಂದೇ ಒಂದು ಮಾತು ಅಂದಿದ್ಲಲ್ರೀ" ಎಂದಳು ಹೆಂಡತಿ.

"ಸತ್ಯ ಹೇಳೋಕೆ ಯಾರಾದ್ರೂ ಒಬ್ರು ಬೇಕು ಕಣೇ" ಎಂದು ನಾನು ಚಪ್ಪಲಿ ಮೆಟ್ಟಿಕೊಂಡು ಪಾರ್ಕಿಗೆ ಹೊರಟೆ. ಅಲ್ಲಿ ಬೆಂಚಿನ ಮೇಲೆ ಕೂರುವ ನನ್ನ ಗೆಳೆಯರಿಗೆ ನನ್ನ ಪರಾಕ್ರಮವನ್ನು ಕತ್ತಲಾಗುವವರೆಗೂ ವರ್ಣಿಸಿದೆ. ಅವರೂ ಬೆನ್ನು ತಟ್ಟಿದರು. ಅವರ ಮನೆಯಲ್ಲೆಲ್ಲ ಪ್ಯಾಕೆಟ್ಟಿನ ಪುಡಿಯೇ.

ಮನೆಗೆ ಬಂದಾಗ ಊಟಕ್ಕೆ ಬಿಸಿ ಮುದ್ದೆ, ಅವರೆಬೇಳೆ ಸಾರು. ಮೊದಲ ತುತ್ತಿಗೇ ಸೊಗಡು ಮೂಗಿಗೆ ಹತ್ತಿತು. ಎರಡನೇ ಸಲ ಹಾಕಿಸಿಕೊಂಡೆ. ಮೂರನೇ ಸಲ ತಟ್ಟೆಯನ್ನು ನಾನೇ ಮುಂದಕ್ಕೆ ತಳ್ಳಿದೆ. "ನೋಡು, ಸಾರು ಅಂದ್ರೆ ಇದು! ಧನಿಯ ಹುರಿದಿರೋ ಹದ ನೋಡು. ಆ ಟೀವಿಯವರಿಗೆ ಇದರ ಒಂದು ಸೌಟು ಕುಡಿಸಬೇಕು. ನಾನೇ ಹಿದುಕಿದ ಬೇಳೆ ಬೇರೆ" ಎಂದೆ.

"ನೀವು ಹಿದುಕಿದ್ದು ಫ್ರಿಜ್ಜಲ್ಲಿದೆ. ಟೀವಿ ಮೇಲೆ ಬಿದ್ದಿದ್ದು ಬಿಟ್ಟು ಮಿಕ್ಕಿದ್ದು" ಎಂದಳು ಹೆಂಡತಿ. "ಇದು ಟೀವಿ ಸಾರು."

ನಾನು ತುತ್ತನ್ನು ಕೈಯಲ್ಲೇ ಹಿಡಿದುಕೊಂಡೆ.

"ಪ್ಯಾಕೆಟ್ಟು ಬರೀ ತೋರ್ಸೋಕೆ. ಬಟ್ಟಲಿಗೆ ಅವಳು ತನ್ನ ಪುಡೀನೇ ಮನೆಯಿಂದ ತಗೊಂಡ್ ಹೋಗಿ ಹಾಕಿದ್ಲು. ನೀವು ಕೇಳುದ್ರೆ ಅದ್ನೇ ತೋರ್ಸಿ ಹೇಳೋಣ ಅಂತಿದ್ಲು. ಊರಿಗೆ ಹೋಗ್ತಾ ಗೇಟಿನ ಹತ್ರ ನಿಂತು ಈ ಡಬ್ಬಿ ಕೊಟ್ಟು ಹೋದ್ಲು."

"ಒಳಗೆ ಬರ್ಲಿಲ್ವಾ?"

"ಇಲ್ಲ. 'ಭಾವ ಕೂಗಿ ಕೂಗಿ ಗಂಟ್ಲು ಒಣಗುಸ್ಕೊಂಡಿರ್ತಾರೆ, ಬಿಸಿ ಮಾಡ್ಕೊಡಕ್ಕ' ಅಂದ್ಲು."

ನನ್ನ ಮೂಗಿನ ಬಗ್ಗೆ ಮೇಲೆ ಬಹಳ ಬರೆದಿದ್ದೇನೆ. ಟೀವಿಯಲ್ಲಿ ವಾಸನೆ ಬರುವುದಿಲ್ಲ ಎಂಬ ಸಣ್ಣ ಸಂಗತಿ ಆ ಮೂಗಿನ ಯಜಮಾನನಿಗೆ ಹೊಳೆದಿರಲಿಲ್ಲ. ಪುಡಿಯೇ ಸರಿಯಿಲ್ಲ ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದು ನಾನು ಜನ್ಮದಲ್ಲಿ ತಿಂದ ಅತ್ಯಂತ ಒಳ್ಳೆಯ ಪುಡಿಯನ್ನು ನೋಡಿ.

ಇಷ್ಟಕ್ಕೇ ಮುಗಿದಿದ್ದರೆ ನಗಬಹುದಿತ್ತು. ಲೇಔಟಿನ ಹೆಂಗಸರೂ ಆ ದಿನ ಟೀವಿ ನೋಡಿದ್ದರು. "ನಿಮ್ಮ ಸ್ವಂತ ಭಾವನೇ ಹೇಳಿದ್ರಲ್ಲ ಕಣ್ರೀ. ನಮಗೂ ಆ ಪ್ಯಾಕೆಟ್ ಪುಡೀನೇ ಬಿಚ್ಚಿ ಕಟ್ಟಿ ಕೊಡ್ತಿದ್ರಾ?" ಎಂದು ಒಬ್ಬಾಕೆ ಮುಖಕ್ಕೇ ಕೇಳಿದಳಂತೆ. ಉಳಿದವರು ಕೇಳಲೂ ಇಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸಿದರು. ಕೆಲಸಕ್ಕಿದ್ದ ಇಬ್ಬರೂ ಬೇರೆ ಕಡೆ ಹೋದರು. ಯುಗಾದಿಯ ಹೊತ್ತಿಗೆ ನಾದಿನಿ ಅಂಗಡಿ ಬಿಟ್ಟಳು. ಮಿಷನ್ನು ಈಗ ಅವಳ ಮನೆಯ ಮೆಟ್ಟಿಲ ಕೆಳಗೆ ಹಳೇ ಬೆಡ್‌ಶೀಟು ಹೊದ್ದುಕೊಂಡು ಕುಳಿತಿದೆ.

ಕ್ಷಮೆ ಕೇಳಲು ಹೋಗಲಿಲ್ಲವೇ ಎಂದು ನೀವು ಕೇಳಬಹುದು. ಹೋಗಿದ್ದೆ. ಹೆಂಡತಿಯ ಜೊತೆ ಯಲಹಂಕದಲ್ಲಿ ಬಸ್ಸು ಬದಲಾಯಿಸಿ, ಬಾಳೆಹಣ್ಣು ಕೊಂಡು, ದಾರಿಯುದ್ದಕ್ಕೂ "ತಪ್ಪಾಯ್ತಮ್ಮ" ಎಂಬ ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹೊಸಿಲು ದಾಟುವಾಗಲೇ ಅವಳು, "ಬನ್ನಿ ಭಾವ, ಇವತ್ತೂ ಲೈನ್ ಸಿಕ್ತಾ?" ಎಂದಳು. ಕಾಫಿ ಕೊಟ್ಟಳು. ನಾನು ಮೆಟ್ಟಿಲ ಕೆಳಗಿನ ಆ ಬೆಡ್‌ಶೀಟನ್ನೇ ನೋಡುತ್ತಿದ್ದೆ. ಅವಳಿಗೆ ಅರ್ಥವಾಗಿರಬೇಕು. ನನಗೆ ದಾರಿ ಮಾಡಿಕೊಡುವವಳ ಹಾಗೆ, "ಅವತ್ತಿನ್ ಸಾರು ಎಂಗಿತ್ತು ಭಾವ?" ಎಂದು ಮೆಲ್ಲಗೆ ಕೇಳಿದಳು.

ಇಂಥ ಅವಕಾಶವನ್ನು ಯಾವ ದೇವರೂ ಎರಡು ಸಲ ಕೊಡುವುದಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ. ಬಾಯಿ ತೆರೆದೆ. ಅದು ಎಲ್ಲಿಂದ ಬಂತೋ ಗೊತ್ತಿಲ್ಲ.

"ಉಪ್ಪು ಒಂಚೂರು ಕಮ್ಮಿ ಆಗಿತ್ತು" ಎಂದೆ.

ಹೆಂಡತಿ ಕಣ್ಣು ಮುಚ್ಚಿಕೊಂಡಳು. ನಾದಿನಿ, "ಅದ್ನೂ ಟೀವೀಲೇ ಏಳ್ಬುಡ್ಬೇಕಿತ್ತು ಭಾವ" ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು. ಹೊರಡುವಾಗ ಅಕ್ಕನಿಗೆ ಕುಂಕುಮ ಕೊಟ್ಟಳು. ನನಗೆ "ಹುಷಾರಾಗೋಗಿ" ಎಂದಳು. ಅದಾದ ಮೇಲೆ ಹಬ್ಬಕ್ಕೂ ನಮ್ಮ ಮನೆಗೆ ಬಂದಿಲ್ಲ. ಫೋನಿನಲ್ಲಿ ಅಕ್ಕನ ಜೊತೆ ಮಾತಾಡುತ್ತಾಳೆ. ನಾನು ಎತ್ತಿದರೆ, "ಅಕ್ಕ ಇಲ್ವಾ ಭಾವ?" ಎನ್ನುತ್ತಾಳೆ. ಈಗ ನಮ್ಮ ಮನೆಯಲ್ಲಿ ಸಾರಿಗೆ ಬೀಳುತ್ತಿರುವುದು ಪ್ಯಾಕೆಟ್ಟಿನ ಪುಡಿಯೇ. ಬೇಕೆಂದೇ ಹೆಂಡತಿ ಅದನ್ನು ನನ್ನ ಕಣ್ಣೆದುರಿಗೇ ಕತ್ತರಿಸುತ್ತಾಳೆ. ನಾನು ತಲೆ ತಗ್ಗಿಸಿ ಉಣ್ಣುತ್ತೇನೆ. ಉಪ್ಪಿನ ವಿಷಯ ಎತ್ತುವುದಿಲ್ಲ.

ಬಾಯಿಂದ ಬಾರದ್ದು ಕೈಯಿಂದಲಾದರೂ ಬರಲಿ ಎಂದು ಇದನ್ನೆಲ್ಲ ಬರೆದು, ಕನ್ನಡಕ ಹಾಕಿಸಿ ಹೆಂಡತಿಗೆ ಓದಲು ಕೊಟ್ಟೆ. ಅವಳು ನಿಧಾನವಾಗಿ ಕೊನೆಯವರೆಗೆ ಓದಿದಳು. ಹೊಗಳುತ್ತಾಳೆಂದು ನಾನು ಕಾಯುತ್ತಿದ್ದೆ.

"ನಿಮ್ಮ ಮೂಗು, ನಿಮ್ಮ ಯಾರ್ಡು, ನಿಮ್ಮ ಪಾರ್ಕು ಎಲ್ಲ ಇದೆ. ಅವಳ ಹೆಸರೇ ಇಲ್ವಲ್ರೀ?" ಎಂದಳು.

"ನಾದಿನಿ ಅಂತ ಬರೆದಿದ್ದೀನಲ್ಲ?"

"ಅದು ನಿಮಗೆ ಅವಳು ಏನಾಗ್ಬೇಕು ಅನ್ನೋದು. ಅವಳಿಗೆ ನಮ್ಮಪ್ಪ ಇಟ್ಟ ಹೆಸರಿಲ್ವಾ?"

ಇದೆ. ಮುನಿಲಕ್ಷ್ಮಮ್ಮ.