ಒಬ್ಬರೇ ಇರುವ ಮನೆಗೆ ನೀರು

ನಲ್ಲಿನೀರು ಇಲಾಖೆಯ ದಾಖಲೆಗಳ ಪ್ರಕಾರ, ಒಬ್ಬರೇ ವಾಸವಾಗಿರುವ ಮನೆಯಲ್ಲಿ ಯಾರೂ ವಾಸವಾಗಿಲ್ಲ. ಆದ್ದರಿಂದ ಅಂಥ ಮನೆಗಳಿಗೆಲ್ಲ ಸೋಮವಾರ ಬೆಳಗ್ಗೆ ನೀರು ನಿಲ್ಲಿಸಲಾಯಿತು. ಇದರಿಂದ ಯಾರಿಗೂ ತೊಂದರೆಯಾಗಿಲ್ಲವೆಂದು ಇಲಾಖೆ ಸಂಜೆಯೇ ಪ್ರಕಟಿಸಿತು.

ತೊಂದರೆಯಾದದ್ದು ಇಲಾಖೆಯ ಏಕೈಕ ಪ್ರೋಗ್ರಾಮರನಿಗೆ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ ಅವನು ಅಂದು ಸ್ನಾನವಿಲ್ಲದೆ ಕಚೇರಿಗೆ ಬಂದಿದ್ದ. ಅದು ಹೋಗಲಿ ಎಂದರೆ, ಅವನನ್ನು ಸಾಕಿ ಬೆಳೆಸಿದ ಸೋದರತ್ತೆಯೂ ಒಬ್ಬರೇ ಇದ್ದರು. ಅವರು ಖಾಲಿ ಬಕೆಟ್ ತಂದು ಅವನ ಮೇಜಿನ ಮೇಲಿಟ್ಟರು.

"ನಿನ್ನ ಕಂಪ್ಯೂಟರಿಗೆ ನಾನು ಕಾಣಲ್ವಂತೆ. ನಿನಗಾದ್ರೂ ಕಾಣ್ತೀನಾ?"

ಅವನು ಬಕೆಟ್ ಕೆಳಗಿಳಿಸಿ ಕೆಲಸಕ್ಕೆ ಕೂತ. ಮಧ್ಯಾಹ್ನದೊಳಗೆ ದೋಷ ಹುಡುಕಿದ. ಯಾವ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರೆ, ಜಾವಾ ಭಾಷೆಯಲ್ಲಿ ಬರೆದ ವೆಬ್ ಸರ್ವೀಸ್ ಎಂಬ ಪ್ರೋಗ್ರಾಮು ಹೆಸರುಗಳನ್ನು ಅರೇಯಲ್ಲಿ, ಅಂದರೆ ಪಟ್ಟಿ ಮಾಡಿ, ಕಳಿಸಬೇಕು. ಇಬ್ಬರಿದ್ದರೆ ಹಾಗೇ ಕಳಿಸುತ್ತಿತ್ತು. ಒಬ್ಬರೇ ಇದ್ದರೆ, ಇದೊಂದು ಹೆಸರಿಗೆ ಪಟ್ಟಿ ಬೇರೆ ಕೇಡು ಎಂಬಂತೆ ಬರೀ ಹೆಸರನ್ನು ದಾಟಿಸಿಬಿಡುತ್ತಿತ್ತು. ನೀರು ಬಿಡುವ ಪ್ರೋಗ್ರಾಮಿಗೋ ಪಟ್ಟಿಯಲ್ಲಿ ಬಾರದವರು ಲೆಕ್ಕಕ್ಕೇ ಇಲ್ಲ. ಮನೆ ಖಾಲಿ ಎಂದು ನಲ್ಲಿ ಮುಚ್ಚುತ್ತಿತ್ತು. ಒಬ್ಬರಿದ್ದರೂ ಪಟ್ಟಿಯಲ್ಲೇ ಕಳಿಸು ಎಂದು ಒಂದು ಸಾಲು ಸೇರಿಸಿದರೆ ಎಲ್ಲ ಸರಿಹೋಗುತ್ತಿತ್ತು.

ಮುಖ್ಯಾಧಿಕಾರಿಗಳು ಸಹಾನುಭೂತಿಯಿಂದ ಕೇಳಿಸಿಕೊಂಡರು. ಆದರೆ ಸಾಲು ಸೇರಿಸಲು ಪ್ರೋಗ್ರಾಮರುಗಳ ಸಮಿತಿ ಒಪ್ಪಬೇಕಿತ್ತು.

"ಸಾರ್, ಸಮಿತಿ ಅಂದ್ರೆ ನಾನೊಬ್ಬನೇ."

"ಒಬ್ರೇ ಇದ್ರೆ ಅದು ಸಮಿತಿ ಅಲ್ಲಪ್ಪ. ಸಮಿತಿನೇ ಇಲ್ಲ ಅಂದ್ಮೇಲೆ, ಇಷ್ಟು ಹೊತ್ತು ನಾನು ಯಾರ ಹತ್ರ ಮಾತಾಡ್ತಿದ್ದೆ ಅಂತ ಟಿಪ್ಪಣಿ ಬರೀಲಿ?"

ಹಾಗಾದರೆ ತಾನೇ ಅತ್ತೆಯ ಮನೆಯಲ್ಲಿ ಇರುತ್ತೇನೆಂದು ಅವನು ಬೇಡಿಕೊಂಡ. ಇಲಾಖೆಯ ನೌಕರರು ಸಂಬಂಧಿಕರೊಡನೆ ವಾಸಿಸುವುದು ಸ್ವಜನಪಕ್ಷಪಾತವೆಂದು ಅದನ್ನು ತಿರಸ್ಕರಿಸಲಾಯಿತು. ಮರುದಿನ ಪ್ರಕಟಣೆ ಹೊರಬಿತ್ತು:

"ಒಂಟಿ ನಿವಾಸಿಗಳು ಇನ್ನೊಬ್ಬ ಒಂಟಿ ನಿವಾಸಿಯನ್ನು ಇಲಾಖೆಯಿಂದ ಪಡೆದುಕೊಳ್ಳತಕ್ಕದ್ದು. ಸದರಿ ಇಬ್ಬರೂ ಎರಡೂ ಮನೆಗಳ ನಿವಾಸಿಗಳೆಂದು ಪರಿಗಣಿಸಲ್ಪಡುವರು. ಸಂಜೆಯ ತಪಾಸಣೆ ವೇಳೆ ಒಂದೇ ಕಡೆ ಕಂಡುಬರತಕ್ಕದ್ದು. ಹೊಂದಾಣಿಕೆಗೆ ಇಲಾಖೆ ಜವಾಬ್ದಾರಿಯಲ್ಲ."

ಅತ್ತೆಗೆ ಬ್ಯಾಂಡಿನಿಂದ ನಿವೃತ್ತರಾದ ತುತ್ತೂರಿಯವರೊಬ್ಬರು ಮಂಜೂರಾದರು. ನೀರು ಬಂತು, ಜೊತೆಗೆ ತುತ್ತೂರಿಯೂ ಬಂತು. ಈ ವಯಸ್ಸಿನಲ್ಲಿ ಅತ್ತೆಗೆ ಯಾರನ್ನೋ ತಂದು ಗಂಟುಹಾಕಿದೆನಲ್ಲ ಎಂದು ಪ್ರೋಗ್ರಾಮರ್ ಒಳಗೊಳಗೇ ಬೆಂದುಹೋದ. ಸಮಿತಿಗೆ ಇನ್ನೊಬ್ಬರನ್ನು ಕೊಡಿ ಎಂದು ಅಧಿಕಾರಿಗಳ ಬೆನ್ನುಬಿದ್ದ. ಕೊನೆಗೆ, ದೋಷವನ್ನು ಮೊದಲು ಇಲಾಖೆಯ ಗಮನಕ್ಕೆ ತಂದವರೆಂಬ ಅರ್ಹತೆಯ ಮೇಲೆ ಅತ್ತೆಯನ್ನೇ ಗೌರವ ಪ್ರೋಗ್ರಾಮರಾಗಿ ನೇಮಿಸಲಾಯಿತು. ಅವನಿಗೆ ಹೋದ ಜೀವ ಬಂದಂತಾಯಿತು.

ಸಭೆಯಲ್ಲಿ ಅತ್ತೆ ಕನ್ನಡಕ ಏರಿಸಿ ಆ ಒಂದು ಸಾಲನ್ನು ನೋಡಿದರು.

"ಇದನ್ನ ಸೇರಿಸಿದ್ರೆ?"

"ನೀವೊಬ್ರೇ ಇದ್ರೂ ನೀರು ಬರುತ್ತೆ ಅತ್ತೆ."

"ಮತ್ತೆ ಅವ್ರು?"

"ಅವ್ರ ಮನೇಲಿ ಅವ್ರು ಇರ್ತಾರೆ."

ಅತ್ತೆ ಪೆನ್ನಿನ ಮುಚ್ಚಳ ಹಾಕಿದರು. "ಇಸ್ಪೀಟಿನಲ್ಲಿ ಅವ್ರು ದಿನಾ ಮೋಸ ಮಾಡ್ತಾರೆ, ನಾನು ದಿನಾ ಹಿಡೀತೀನಿ. ಎಷ್ಟೋ ವರ್ಷ ಆದ್ಮೇಲೆ ಸಂಜೆ ಆಗೋದನ್ನ ಕಾಯ್ತಿದೀನಿ ಕಣೋ. ನನ್ನ ಒಪ್ಪಿಗೆ ಇಲ್ಲ."

ಸಮಿತಿಯ ನಿರ್ಣಯದಂತೆ ದೋಷವನ್ನು ಕಾಯಂಗೊಳಿಸಲಾಯಿತು. ಪ್ರೋಗ್ರಾಮರನ ಸರದಿ ಬರುವಷ್ಟರಲ್ಲಿ ಒಂಟಿಗಳ ದಾಸ್ತಾನು ಮುಗಿದಿತ್ತು. ಆದಕಾರಣ ಅವನಿಗೆ ಮುಖ್ಯಾಧಿಕಾರಿಗಳನ್ನೇ ಮಂಜೂರು ಮಾಡಲಾಯಿತು. ಅವರ ಮನೆ ತುಂಬ ಜನರಿದ್ದುದರಿಂದ, ಒಬ್ಬರು ಹೋದರೂ ಅಲ್ಲಿನ ಪಟ್ಟಿಗೆ ಧಕ್ಕೆಯಿರಲಿಲ್ಲ, ಮನೆಯವರೂ ಆಕ್ಷೇಪಿಸಲಿಲ್ಲ.

ಅಂದು ಸಂಜೆ ಅವರು ದಿಂಬು, ಟವೆಲ್ ಹಿಡಿದು ಬಾಗಿಲು ತಟ್ಟಿದರು. ಒಳಗೆ ನಲ್ಲಿ ಗೊರಗೊರ ಎಂದು ಸದ್ದುಮಾಡಿ ನೀರು ಬಿಟ್ಟಿತು. ಪ್ರೋಗ್ರಾಮರ್ ಸರಿದು ದಾರಿ ಕೊಟ್ಟು, ಇಸ್ಪೀಟು ಬರುತ್ತದೆಯೇ ಎಂದು ಕೇಳಿದ.