ಜಗತ್ತಿನ ನಕಾಶಿ

ಗುರುಪುತ್ರಪ್ಪ ಮಾಸ್ತರರನ್ನು ಕೆಡಿಸಿದ್ದು ಅಕ್ಷರದ ತಲೆಯ ಮೇಲಿನ ಬರೀ ಒಂದು ಗುಡಿಸು. ಭೂಪಟಕ್ಕೆ ಪುಸ್ತಕದಲ್ಲಿ ನಕಾಶೆ ಎನ್ನುತ್ತಾರೆ. ಮನೆಯನ್ನು ಮನಿ, ಶಾಲೆಯನ್ನು ಸಾಲಿ ಮಾಡಿಕೊಂಡ ಬೆಳಗಾವಿಯ ನಾಲಿಗೆಯಲ್ಲಿ ಅದು ನಕಾಶಿಯಾಗುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಕೆತ್ತುವ ಹೂಬಳ್ಳಿಗೂ ನಕಾಶಿ ಎಂದೇ ಹೆಸರು. ಇದನ್ನು ಮರೆತ ಮಾಸ್ತರರು ಖಾನಾಪುರದಲ್ಲಿ ನೀರು ತುಂಬುವ ಹರವಿಯಂಥ ಮಣ್ಣಿನ ಪಾತ್ರೆಗಳಿಗೆ ಬಣ್ಣ ಹಾಕುವ ಹುಸೇನಸಾಬನಿಗೆ ಫೋನಿನಲ್ಲಿ, “ದೊಡ್ಡ ಹರವಿ ಮ್ಯಾಲ ಜಗತ್ತಿನ ನಕಾಶಿ ತಗದು ಕೊಡ್ರಿ” ಎಂದುಬಿಟ್ಟಿದ್ದರು.

ಬೆಳಗಾವಿ ಹಿಂದವಾಡಿಯ ಅವರ ಹೈಸ್ಕೂಲಿನಲ್ಲಿ ಇತಿಹಾಸಕ್ಕೆಂದೇ ಒಂದು ಕೋಣೆಯಿತ್ತು. ಗೋಡೆಗೆ ಈಜಿಪ್ತಿನ ಚಿತ್ರಗಳು, ಮೇಜಿನ ಮೇಲೆ ಮಕ್ಕಳು ಜೇಡಿಮಣ್ಣಿನಲ್ಲಿ ಮಾಡಿದ ಹರಪ್ಪದ ಮುದ್ರೆಗಳು, ರೋಮಿನ ನಾಣ್ಯಗಳು. ಮನೆಯಲ್ಲಿ ಕಡ್ಡಿ ಎತ್ತಿಡದ ಮಾಸ್ತರರು ಇವನ್ನು ದಿನವೂ ಒರೆಸುತ್ತಿದ್ದರು. ಸಂಸ್ಥೆಯ ಅಧ್ಯಕ್ಷ ಬಂಡೆಪ್ಪನವರಿಗೆ ಮಾತ್ರ ಆ ಕೋಣೆ ಕಂಡಾಗಲೆಲ್ಲ ಜಿಮ್ ಮಾಡಬೇಕೆನಿಸುತ್ತಿತ್ತು.

“ಇವತ್ತ ಬಂದು ನೋಡ್ತೀನಿ. ನಿಮ್ಮ ನಕಾಶಿ ಹರವಿ ಮನಸಿಗೆ ಬಂದ್ರ ಸರಿ. ಇಲ್ಲಾಂದ್ರ ಆ ಖೋಲಿ ಜಿಮ್ಮಿಗೆ” ಎಂದು ಅವರು ಬೆಳಗ್ಗೆಯೇ ಹೇಳಿ ಕಳಿಸಿದ್ದರು.

ಹುಸೇನಸಾಬ ಟೆಂಪೋದಲ್ಲಿ ಹರವಿ ತಂದಿಳಿಸಿ, ಮದುಮಗಳ ಸೆರಗು ಸರಿಸುವಂತೆ ಗೋಣಿಚೀಲ ಸರಿಸಿದ. ಹರವಿಯ ತುಂಬ ಬಳ್ಳಿ, ಎಲೆ, ಮಾವಿನಕಾಯಿ; ನಡುವೆ ಒಂದು ನವಿಲು.

“ಸಾಬರ, ಭೂಮಿ ಎಲ್ಲಿ?” ಮಾಸ್ತರರು ಹರವಿಗೆ ಒಂದು ಸುತ್ತು ಹಾಕಿ ಹುಡುಕಿದರು.

“ಇಡೀ ಹರವೀನ ಭೂಮಿದಲ್ರೀ, ಖಾನಾಪುರದ ಮಣ್ಣು! ಇಂಥಾ ನಕಾಶಿ ಜಗತ್ತಿನ್ಯಾಗ ಎಲ್ಲೂ ಸಿಗೂದಿಲ್ಲ.”

ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಬಂದೇಬಿಟ್ಟರು. ಹಿಂದೆ ಡ್ರಿಲ್ ಮಾಸ್ತರ ಬಾಳಾಸಾಹೇಬ, ಕನ್ನಡ ಕಲಿಸುವ ನಾಗರತ್ನಾ.

“ಏನ್ರೀ ಇದು? ಜಗತ್ತು ಎಲ್ಲೈತಿ?”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮಾಸ್ತರರು ಬಳ್ಳಿ ಹಿಡಿದರು. “ಇದು ಹಳೇ ಕಾಲದ ನಾವಿಕರ ಗುಪ್ತ ನಕಾಶಿ ರೀ. ಈ ಬಳ್ಳಿ ನೈಲ್ ನದಿ. ಈ ಮಾವಿನಕಾಯಿ ಗ್ರೀಸ್. ಬಾಜೂದ್ದು ರೋಮ್.”

“ಮತ್ತ ನವಿಲು?”

“ಭಾರತ ರೀ, ಮತ್ತೇನು!”

“ನದಿ ಎಲ್ಲೀದ್ರೀ, ಅದು ಬಳ್...” ಎಂದ ಹುಸೇನಸಾಬನ ಕಾಲನ್ನು ಮಾಸ್ತರರು ತುಳಿದರು.

ಬಾಳಾಸಾಹೇಬರು ಬಗ್ಗಿ ನೋಡಿದರು. “ಅದೆಲ್ಲಾ ಖರೇ, ನಮ್ಮ ಬೆಳಗಾಂವ ಎಲ್ಲಿ?”

“ಬೆಳಗಾಂವ ಅಲ್ರೀ, ಬೆಳಗಾವಿ! ಈ ಕಡೀ ಎಲಿ ಮ್ಯಾಲ ಐತಿ ನೋಡ್ರಿ” ಎಂದರು ನಾಗರತ್ನಾ.

“ಛೇ ಛೇ, ಆ ಕಡೀ ಎಲಿ!”

ಈ ಕಡೆಯಿಂದ ಇವರು ತಿರುಗಿಸಿದರು, ಆ ಕಡೆಯಿಂದ ಅವರು ತಿರುಗಿಸಿದರು. ಹರವಿ ಗಿರ್ರನೆ ತಿರುಗಿತು. ಹುಸೇನಸಾಬ ಓಡಿಬಂದು ತಬ್ಬಿಕೊಂಡ. “ಎರಡೂ ಎಲಿ ಒಂದ ಬಳ್ಳೀವು ರೀ! ಬಿಡ್ರಿ, ಒಡದೀತು!”

ಇಬ್ಬರೂ ನಾಚಿ ಕೈಬಿಟ್ಟರು. ಬಂಡೆಪ್ಪನವರು ಹೊಟ್ಟೆ ಹಿಡಿದು ನಕ್ಕರು. “ಶಾಭಾಸ್ ಮಾಸ್ತರ! ಈಜಿಪ್ತಿನಿಂದ ನಮ್ಮೂರಿನ ತನಕಾ ಒಂದೂ ಬಿಟ್ಟಿಲ್ಲ. ಇಂಥಾದ್ದು ನಾ ನೋಡೇ ಇರಲಿಲ್ಲ.”

ಕೋಣೆ ಉಳಿಯಿತು! ಮಾಸ್ತರರಿಗೆ ಹುಸೇನಸಾಬನನ್ನು ಹರವಿ ಸಮೇತ ಎತ್ತಿ ಕುಣಿಯಬೇಕೆನಿಸಿತು. ಸಂತೋಷದಿಂದ ಕಣ್ಣು ತುಂಬಿಬಂದವು.

ಅಧ್ಯಕ್ಷರು ಕೋಣೆಯ ಸುತ್ತ ಕಣ್ಣಾಡಿಸಿದರು.

“ಜಗತ್ತಿನ ಇತಿಹಾಸ ಎಲ್ಲಾ ಒಂದ ಹರವ್ಯಾಗ ಹಿಡೀತು ಅಂದಮ್ಯಾಲ, ನಿಮಗ ಇಷ್ಟ ದೊಡ್ಡ ಖೋಲಿ ಯಾಕ ಬೇಕ್ರೀ? ಹರವಿ ನನ್ನ ಆಫೀಸಿನ್ಯಾಗ ಇಡ್ರಿ. ಬಾಳಾಸಾಹೇಬ, ನಾಳೆ ಡಂಬೆಲ್ಸ್ ತರಸ್ರಿ.”