ಪಕ್ಷ ಹೋಯಿತು, ಜಮಖಾನ ಉಳಿಯಿತು

ಬಳಸಲಿಕ್ಕೂ ಬಾರದ, ಬಿಸಾಡಲಿಕ್ಕೂ ಮನಸ್ಸಾಗದ ಸಾಮಾನೊಂದು ಪ್ರತಿ ಮನೆಯಲ್ಲೂ ಇರುತ್ತದೆ. ಕೆಲವರ ಮನೆಯಲ್ಲಿ ಅದು ಕೆಟ್ಟುಹೋದ ರೇಡಿಯೋ, ಕೆಲವರಲ್ಲಿ ಮುರಿದ ತೊಟ್ಟಿಲು, ಇನ್ನು ಕೆಲವರಲ್ಲಿ ಮನೆಯ ಯಜಮಾನ. ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯಲ್ಲಿ ಮೂರನೆಯದು ಮೊದಲಿನಿಂದಲೂ ಇತ್ತು. ಹೋದ ವರ್ಷದಿಂದ ಅದರ ಜೊತೆಗೆ ಒಂದು ರಾಜಕೀಯ ಪಕ್ಷದ ಜಮಖಾನವೂ ಬಂದು ಸೇರಿದೆ. ಪಡಸಾಲೆಯ ಗೋಡೆಗುಂಟ ಸುರುಳಿಯಾಗಿ ಮಲಗಿರುವ ಅದನ್ನು ಬಂದವರು ದಿವಾನವೆಂದು ತಿಳಿದು ಅದರ ಮೇಲೆ ಕೂಡುತ್ತಾರೆ, ಕೂತವರು ಧೂಳಿಗೆ ಸೀನುತ್ತಾರೆ. ನನ್ನ ಹೆಂಡತಿ ಪದ್ಮಾ ಅದರ ಮೇಲೊಂದು ಹಳೆಯ ಚಾದರ ಹೊದಿಸಿ ನೋಡಿದಳು. ಆಗ ಅದು ಇನ್ನೂ ಕೆಟ್ಟದಾಗಿ, ಯಾರೋ ಮಲಗಿದ ಹಾಗೆ ಕಾಣತೊಡಗಿತು. ಅಳುಕಿ ಚಾದರ ತೆಗೆದಳು.

ಪಕ್ಷದ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮಗೆ ನೆನಪಾಗುವುದಿಲ್ಲ, ಅದರಿಂದ ನನಗೆ ಬೇಜಾರಾಗುತ್ತದೆ. ಅದು ಹಳೆಯ ಪಕ್ಷ. ದೊಡ್ಡ ದೊಡ್ಡವರು ಕೂಡಿ ಕಟ್ಟಿದ್ದು. ರೈತನ ಹೊಲ ರೈತನದ್ದೇ ಆಗಿರಲಿ, ಎಲ್ಲರ ಹೊಲ ಕೂಡಿಸಿ ಸರಕಾರ ಸಾಗುವಳಿ ಮಾಡಿಸುವುದು ಬೇಡ, ವ್ಯಾಪಾರಿಗೆ ಹೆಜ್ಜೆ ಹೆಜ್ಜೆಗೆ ಪರವಾನಗಿ ಬೇಡ, ತೆರಿಗೆ ಹಗುರವಾಗಿರಲಿ, ಸರಕಾರ ಎಂಬುದು ಆದಷ್ಟು ದೂರದಲ್ಲಿರಲಿ ಎನ್ನುವುದು ಅದರ ಧೋರಣೆ. ಇದರ ಹೊರತಾಗಿ ಉಳಿದ ಯಾವ ವಿಷಯದಲ್ಲೂ ಪ್ರತಿ ಸದಸ್ಯನೂ ತನ್ನ ಮನಸ್ಸಿಗೆ ಬಂದಂತೆ ಮಾತಾಡಬಹುದಿತ್ತು. ಹೀಗಾಗಿ ಗಡಿಯ ಪ್ರಶ್ನೆ ಬಂದಾಗ ಖಾನಾಪುರದ ನಮ್ಮ ಸಭೆಯಲ್ಲಿ ಅರ್ಧ ಜನ ಕನ್ನಡದಲ್ಲೂ ಅರ್ಧ ಜನ ಮರಾಠಿಯಲ್ಲೂ ಒಬ್ಬರಿಗೊಬ್ಬರು ವಿರೋಧವಾಗಿ ಮಾತಾಡಿ, ಕಡೆಗೆ ಎಲ್ಲರೂ ಕೂಡಿ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ಠರಾವು ಮಾತ್ರ ಎಂದೂ ಆಗಲಿಲ್ಲ. ಜುಲುಮೆ, ಒತ್ತಾಯ ಇಲ್ಲದ ಪಕ್ಷವಾದ್ದರಿಂದ ಜಮಖಾನ ಹಾಸು ಎಂದು ಯಾರಿಗೂ ಹೇಳುವಂತಿರಲಿಲ್ಲ. ಅದನ್ನು ನಾನೇ ಹಾಸುತ್ತಿದ್ದೆ. ನಾನು ಪಕ್ಷ ಸೇರಿದ್ದಕ್ಕೆ ಬೇರೆ ಕಾರಣವಿರಲಿಲ್ಲ. ತಾಲೂಕಿನ ಅಧ್ಯಕ್ಷರು ನನ್ನ ಸೋದರಮಾವ.

ಪಾಯಪ್ಪ ಮಾಮಾ ಅವರದು ಖಾನಾಪುರದಲ್ಲಿ ಹಂಚಿನ ಭಟ್ಟಿ. ಭಟ್ಟಿಗೆ ಕಟ್ಟಿಗೆ ಬೇಕು, ಕಟ್ಟಿಗೆಗೆ ಪರವಾನಗಿ ಬೇಕು, ಪರವಾನಗಿಗೆ ಸಾಹೇಬರು ಬೇಕು, ಸಾಹೇಬರು ಯಾವಾಗಲೂ ಬೆಳಗಾವಿಗೆ ಮೀಟಿಂಗಿಗೆ ಹೋಗಿರುತ್ತಿದ್ದರು. ಕಚೇರಿಯ ಬಾಕಿನ ಮೇಲೆ ಕೂತು ಕೂತು ಮಾಮಾ ರಾಜಕಾರಣಿಯಾದರು. ಪಕ್ಷ ಜೋರಿನಲ್ಲಿದ್ದಾಗ ನವಲಗುಂದಕ್ಕೆ ಹೇಳಿ ಆ ಜಮಖಾನ ಮಾಡಿಸಿದರು. ಅಳತೆ ಕೊಡುವಾಗ ಅವರ ಕಣ್ಣ ಮುಂದೆ ಇದ್ದದ್ದು ಪಕ್ಷದ ಭವಿಷ್ಯ. ಅದನ್ನು ಪೂರ್ತಿ ಹಾಸಬೇಕಾದರೆ ಹಂಚು ಒಣಗಿಸುವ ಛಪ್ಪರವೇ ಬೇಕಾಗುತ್ತಿತ್ತು, ಸುತ್ತಬೇಕಾದರೆ ಎರಡೂ ತುದಿಗೆ ಒಬ್ಬೊಬ್ಬರು ನಿಲ್ಲಬೇಕಾಗುತ್ತಿತ್ತು.

ನಮ್ಮ ಪಕ್ಷ ಯಾಕೆ ಸೋತಿತು ಎನ್ನುವುದಕ್ಕೆ ತಿಳಿದವರು ನೂರು ಕಾರಣ ಕೊಡುತ್ತಾರೆ. ಶ್ರೀಮಂತರ ಪಕ್ಷವೆಂಬ ಹೆಸರು ಬಂತು, ಬಡವರ ಪರವಾದ ಘೋಷಣೆಗಳ ಗಾಳಿ ಬೀಸಿತು, ಇತ್ಯಾದಿ. ಖಾನಾಪುರದ ಮಟ್ಟಿಗೆ ಕಾರಣ ಒಂದೇ, ಸೂರ್ಯಾಸ್ತ. ನಾವು ಜೈನರು. ನಾನು ಹೆಸರಿಗೆ, ಮಾಮಾ ಖರೆಖರೆ. ಹೊತ್ತು ಮುಳುಗುವುದರೊಳಗೆ ಅವರ ಊಟ ಮುಗಿಯಬೇಕು, ಆಮೇಲೆ ಬೆಳಗಿನ ತನಕ ಬಾಯಿಗೆ ಏನೂ ಹಾಕುವವರಲ್ಲ. ಉಳಿದ ಪಕ್ಷಗಳು ಜನ ಕೆಲಸ ಮುಗಿಸಿ ಬಂದ ಮೇಲೆ ದೀಪ ಹಚ್ಚಿ, ಧ್ವನಿವರ್ಧಕದ ಕರ್ಣ ಕಟ್ಟಿ ಸಭೆ ಮಾಡುತ್ತಿದ್ದವು. ನಮ್ಮ ಸಭೆ ಮಧ್ಯಾಹ್ನ ಮೂರು ಗಂಟೆಗೆ, ಉರಿಬಿಸಿಲಿನಲ್ಲಿ. ರೈತ ಹೊಲದಲ್ಲಿ, ವ್ಯಾಪಾರಿ ಅಂಗಡಿಯಲ್ಲಿ, ಉಳಿದವರು ನಿದ್ದೆಯಲ್ಲಿ. ರೈತರ ಮತ್ತು ವ್ಯಾಪಾರಿಗಳ ಹಿತ ಕಾಯುವ ಪಕ್ಷದ ಭಾಷಣಗಳನ್ನು ಆ ಹೊತ್ತಿಗೆ ಕೇಳುತ್ತಿದ್ದದ್ದು ಒಣಗಲಿಕ್ಕೆ ಇಟ್ಟ ಹಂಚುಗಳು. "ಸಂಜೀಕ ಇಟ್ಕೊಳ್ಳೂಣ್ರಿ ಮಾಮಾ" ಎಂದು ನಾನೊಮ್ಮೆ ಹೇಳಿದೆ. "ಉಣ್ಣೂ ಹೊತ್ತಿನ್ಯಾಗ ಭಾಷಣಾ ಮಾಡಿದ್ರ ಖರೇ ಮಾತು ಬರೂದಿಲ್ಲೋ ತಮ್ಮಾ" ಎಂದರು.

ಎಪ್ಪತ್ತರ ದಶಕದಲ್ಲಿ ಚುನಾವಣೆಯಲ್ಲಿ ಮಣ್ಣು ಮುಕ್ಕಿದ ಮೇಲೆ ದಿಲ್ಲಿಯಲ್ಲಿ ನಮ್ಮ ಹಿರಿಯರು ಬೇರೊಂದು ದೊಡ್ಡ ಪಕ್ಷದೊಳಗೆ ವಿಲೀನವಾಗಿಬಿಟ್ಟರು. ನಮಗೆ ಪೇಪರಿನಿಂದ ಗೊತ್ತಾಯಿತು. ತಾಲೂಕಿನಲ್ಲಿ ಏನು ಮಾಡುವುದೆಂದು ತೀರ್ಮಾನಿಸಲು ಮಾಮಾ ಛಪ್ಪರದಲ್ಲಿ ಸಭೆ ಕರೆದರು. ಅವರಿಗೆ ಅದು ಸಾವು ಬದುಕಿನ ಪ್ರಶ್ನೆ. ನನಗೆ ಹಾಗೇನೂ ಇರಲಿಲ್ಲ. ಬೆಳಗಾವಿಯಲ್ಲಿ ನಾನು ಗುಮಾಸ್ತನಾಗಿದ್ದ ಅರಿವೆ ಅಂಗಡಿಯ ಮಾಲಕರು ಆಗಲೇ ದೊಡ್ಡ ಪಕ್ಷಕ್ಕೆ ಹೋಗಿಯಾಗಿತ್ತು, ನಾನೂ ಹೋಗುವುದೆಂದು ಗಾಡಿಯಲ್ಲೇ ಠರಾಯಿಸಿಕೊಂಡು ಬಂದಿದ್ದೆ.

ವಕೀಲ ದೇಸಾಯಿಯವರು ವಿಲೀನದ ಪರವಾಗಿ ಎದ್ದು ನಿಂತರು. ಅವರು ಮಾಮಾ ಅವರ ಹಳೆಯ ಗೆಳೆಯರು, ಮನೆಯಲ್ಲಿ ಮರಾಠಿ, ಸಭೆಯಲ್ಲಿ ಕನ್ನಡ. "ಪಾಯಪ್ಪಣ್ಣಾ, ದೊಡ್ಡ ಪಕ್ಷದಾಗ ಕೂಡಿದ್ರ ನಮ್ಮ ನಾಕು ಕೆಲಸಾ ಆಗತಾವು. ಹಟಾ ಬಿಡ್ರಿ" ಎಂದರು.

"ನಮ್ಮ ಕೆಲಸಾ ಏನಿತ್ರಿ ದೇಸಾಯರ?" ಎಂದರು ಮಾಮಾ. "ಪರವಾನಗಿ ಬ್ಯಾಡ ಅನ್ನೂದು ನಮ್ಮ ಕೆಲಸಾ. ಅವ್ರ ಕಡೆ ಹೋಗಿ ಲಗೂನ ಪರವಾನಗಿ ಇಸಗೊಳ್ಳೂದು ಅಲ್ಲ."

ಮಾತಿಗೆ ಮಾತು ಬೆಳೆಯಿತು. ಎಲ್ಲರಿಗೂ ಮಾತಾಡುವ ಹಕ್ಕಿತ್ತಾದ್ದರಿಂದ ಎಲ್ಲರೂ ಮಾತಾಡಿದರು. ಬಿಸಿಲು ಛಪ್ಪರದ ಕಂಬದಿಂದ ಕಂಬಕ್ಕೆ ಜಾರಿತು. ಮಾಮಿ ಬಾಗಿಲಿಗೆ ಬಂದು, "ಹೊತ್ತು ಮುಳಗಾಕ ಹತ್ತೇತಿ, ಏಳ್ರಿ" ಎಂದರು. ಮಾಮಾ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮಾಮಿ ಮತ್ತೆ ಬಾಗಿಲಿಗೆ ಬಂದು ನಿಂತು ಹೋದರು. ಕತ್ತಲಾಯಿತು. ಆ ಪಕ್ಷದ ಚರಿತ್ರೆಯಲ್ಲಿ ಅದೊಂದೇ ಸಂಜೆಯ ಸಭೆ. ಅದನ್ನು ಹತ್ತು ವರ್ಷ ಮೊದಲು ಮಾಡಿದ್ದರೆ ಎಂದು ನನಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಸಂಕಟವೂ ಆಯಿತು.

ಮತಕ್ಕೆ ಹಾಕುವಾಗ ಮಾಮಾ, "ಕೈ ಎತ್ತಸೂದು ಬ್ಯಾಡ. ಮಂದಿ ಮುಂದ ಕೈ ಎತ್ತು ಅನ್ನೂದೂ ಒಂದು ಜುಲುಮೀನ. ಹೋಗಾವ್ರು ಎದ್ದ ಹೋಗ್ರಿ, ಇರಾವ್ರು ಇರ್ರಿ" ಎಂದರು. ದೇಸಾಯಿಯವರು ಮೊದಲು ಎದ್ದು, ಕೈ ಮುಗಿದು, ಕತ್ತಲಲ್ಲಿ ಚಪ್ಪಲಿ ಹುಡುಕಿದರು. ಅವರ ಹಿಂದೆ ಒಬ್ಬೊಬ್ಬರೇ ಹೋದರು. ನಾನೂ ಎದ್ದೆ. ಬೆಳಗಾವಿಯ ಗಾಡಿಗೆ ಹೊತ್ತಾಗಿತ್ತು. ಆಗ ನೋಡಿದರೆ ಮಾಮಾ ಜಮಖಾನದ ಒಂದು ತುದಿ ಹಿಡಿದು ಒಬ್ಬರೇ ಸುತ್ತಲು ಹೊರಟಿದ್ದಾರೆ. ಅದು ಸೊಟ್ಟ ಸೊಟ್ಟ ಹೋಗುತ್ತಿತ್ತು. ಹೊಟ್ಟೆಯಲ್ಲಿ ಅನ್ನವಿಲ್ಲದ ಮುದುಕರು. ಸುತ್ತಿಕೊಟ್ಟು ಹೋದರಾಯಿತೆಂದು ಇನ್ನೊಂದು ತುದಿ ಹಿಡಿದೆ. ಸುತ್ತಿ ಮುಗಿದ ಮೇಲೆ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ನೀ ಒಬ್ಬಾವ ಉಳದಿ ನೋಡೋ ತಮ್ಮಾ" ಎಂದರು. ನಾನು ಉಳಿದದ್ದು ಜಮಖಾನಕ್ಕಾಗಿ ಎಂದು ಆಗ ಹೇಳುವ ಗಂಡಸು ಇದ್ದರೆ ಅವನನ್ನು ನೋಡಬೇಕೆಂದಿದ್ದೇನೆ.

ಜಿಲ್ಲೆಯಲ್ಲಿ ಬೇರೆ ಯಾರೂ ಉಳಿದಿರಲಿಲ್ಲವಾದ್ದರಿಂದ ಮಾಮಾ ಜಿಲ್ಲಾ ಅಧ್ಯಕ್ಷರಾದರು, ನಾನು ಜಿಲ್ಲಾ ಕಾರ್ಯದರ್ಶಿಯಾದೆ. ತಿಂಗಳಿಗೊಂದು ರವಿವಾರ ಖಾನಾಪುರಕ್ಕೆ ಹೋಗುವುದು, ಜಮಖಾನ ಹಾಸುವುದು, ಮೂರು ಗಂಟೆಗೆ ಮಾಮಾ ಅಧ್ಯಕ್ಷ ಭಾಷಣ ಮಾಡುವುದು, ನಾನು ವಂದನಾರ್ಪಣೆ ಮಾಡುವುದು. ತುರ್ತು ಪರಿಸ್ಥಿತಿ ಬಂದಾಗ ತಮ್ಮನ್ನು ಹಿಡಿದೊಯ್ಯುತ್ತಾರೆಂದು ಮಾಮಾ ಕೈಚೀಲದಲ್ಲಿ ಎರಡು ಧೋತರ ಹಾಕಿಟ್ಟುಕೊಂಡು ಕಾದರು. ಒಂದು ದಿನ ಪೊಲೀಸ್ ಠಾಣೆಯ ಫೌಜದಾರರು ಬಂದೇಬಿಟ್ಟರು. ಮಾಮಾ ಚೀಲ ಹಿಡಿದು ಹೊರಬಂದರು. ಫೌಜದಾರರು ನೀರು ಕುಡಿದು, ತಮ್ಮ ಊರಿನ ಮನೆಗೆ ಯಾವ ಹಂಚು ಒಳ್ಳೆಯದು ಎಂದು ಕೇಳಿ ಹೋದರು. ಆ ರಾತ್ರಿ ಮಾಮಾ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರೆಂದು ಮಾಮಿ ಹೇಳಿದರು.

ಎಂಬತ್ತರ ದಶಕದ ನಡುವೆ ಪೇಪರಿನಲ್ಲಿ ಬೇರೆ ಸುದ್ದಿ ಬರತೊಡಗಿತು. ಪರವಾನಗಿ ಕಡಿಮೆ ಮಾಡುತ್ತೇವೆ, ತೆರಿಗೆ ಇಳಿಸುತ್ತೇವೆ ಎಂದು ಸರಕಾರದವರೇ ಹೇಳುತ್ತಿದ್ದರು. ಮಾಮಾ ಪೇಪರು ಮಡಚಿಟ್ಟು, "ನಮ್ಮ ಮಾತು ಈಗ ಅವ್ರು ಆಡಾಕತ್ತಾರ" ಎಂದರು.

"ಹಂಗಾದ್ರ ಛಲೋ ಆತಲ್ರಿ ಮಾಮಾ?"

"ಛಲೋನ ಆತು." ಪೇಪರನ್ನು ಮತ್ತೆ ಬಿಚ್ಚಿ ನೋಡಿ ಹೇಳಿದರು, "ಆದ್ರ ಯಾರ ಮಾತಂತ ಹೇಳವಲ್ರು."

ಹೋದ ವರ್ಷ ಅವರು ಹಾಸಿಗೆ ಹಿಡಿದರು. ಕಡೆಯ ಸಲ ನೋಡಲು ಹೋದಾಗ ಸಭೆಯ ರವಿವಾರವೇ ಆಗಿತ್ತು. ಮಂಚದ ಬಾಜೂಕ್ಕೆ ಕೂತು ವಂದನಾರ್ಪಣೆಯನ್ನಷ್ಟೇ ಮಾಡಿದೆ. ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು. "ಅವತ್ತ ಜಮಖಾನಾ ಸಣ್ಣದಿತ್ತಂದ್ರ ನೀನೂ ಹೋಗಿಬಿಡ್ತಿದ್ದಿ ನೋಡು" ಎಂದರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಇಷ್ಟು ವರ್ಷ ಅವರಿಗೆ ಗೊತ್ತಿತ್ತು. "ಇರ್ಲಿ ಬಿಡು" ಎಂದು ನನ್ನ ಕೈ ತಟ್ಟಿದರು.

ಅವರು ತೀರಿಕೊಂಡ ದಿನ ಛಪ್ಪರದಲ್ಲಿ ಜಮಖಾನ ಹಾಸಿದೆವು. ದೇಸಾಯಿಯವರು ಬಂದರು, ಬಿಟ್ಟುಹೋದವರೆಲ್ಲ ಬಂದರು, ಊರೇ ಬಂತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅದು ಅಂಚಿನವರೆಗೂ ತುಂಬಿತು. ಮಾಮಾ ಕೊಟ್ಟ ಅಳತೆ ಸರಿಯಾಗಿಯೇ ಇತ್ತು. ಎಲ್ಲರೂ ಎದ್ದು ಹೋದ ಮೇಲೆ ಮಾಮಿ, "ಪಕ್ಷದ್ದು, ನೀ ಒಯ್ಯಪಾ" ಎಂದರು.

ಈಗ ಪದ್ಮಾಳ ತಕರಾರು ವಿಪರೀತಕ್ಕೆ ಹೋಗಿದೆ. ಸುರುಳಿಯೊಳಗೆ ಇಲಿ ಮರಿ ಹಾಕಿದೆ. ಹೋದ ರವಿವಾರ, "ಇದನ್ನ ಯಾರಿಗರೆ ಕೊಟ್ಟುಬಿಡ್ರಿ" ಎಂದಳು. ಪಕ್ಷದ ಆಸ್ತಿ, ಸಭೆಯಲ್ಲಿ ಠರಾವು ಆಗದೆ ಕೊಡಲಾಗದು ಎಂದೆ. "ಹಂಗಾರ ಈಗ ಸಭಾ ಕರೀರಿ" ಎಂದಳು. ಮೂರು ಗಂಟೆಯಾಗಿತ್ತು. ಇಲಿಗಳನ್ನು ಓಡಿಸಿ, ಪಡಸಾಲೆಯಿಂದ ಅಂಗಳದವರೆಗೆ ಜಮಖಾನ ಬಿಚ್ಚಿದೆ. ಅವಳು ಕೊಡುವ ಠರಾವು ಮಂಡಿಸಿದಳು, ನಾನು ವಿರೋಧಿಸಿದೆ. ಮತ ಒಂದಕ್ಕೊಂದು ಸಮವಾಯಿತು, ಸಮ ಮುರಿಯಲು ಅಧ್ಯಕ್ಷರಿಲ್ಲದೆ ಠರಾವು ಬಿದ್ದುಹೋಯಿತು.

"ಆತಲ್ಲ, ಆ ತುದಿ ಹಿಡಿ, ಸುತ್ತೂಣು" ಎಂದೆ.

"ನಿಮ್ಮ ಪಕ್ಷದಾಗ ಜುಲುಮಿ ಇಲ್ಲಲ್ರಿ? ನನಗ ಮನಸಿಲ್ಲ" ಎಂದು ಒಳಗೆ ಹೋದಳು.

ಒಬ್ಬನೇ ಸುತ್ತಿ ನೋಡಿದೆ, ಸೊಟ್ಟ ಸೊಟ್ಟ ಹೋಯಿತು. ಬಿಚ್ಚಿದೆ, ಮತ್ತೆ ಸುತ್ತಿದೆ, ಮತ್ತೆ ಬಿಚ್ಚಿದೆ. ಸೊಂಟ ಹಿಡಿದುಕೊಂಡು ಅದರ ಮೇಲೆಯೇ ಕೂತೆ. ಜಿಲ್ಲೆಯ ಕಾರ್ಯದರ್ಶಿ, ಸದಸ್ಯರು, ಸಭಿಕರು ಎಲ್ಲ ನಾನೇ ಆಗಿ ಕೂತಿದ್ದಾಗ ಅಂಗಳದ ಬಿಸಿಲು ಗೋಡೆ ಹತ್ತಿತು. ಮಾಮಾ ಅವರ ನೆನಪಾಯಿತು. ಹೊತ್ತು ಮುಳುಗುವಾಗ ಪದ್ಮಾ ಹೊರಗೆ ಬಂದಳು, ಸೆರಗು ಸಿಕ್ಕಿಸಿ ಆ ತುದಿ ಹಿಡಿದಳು. "ಏಳ್ರಿ. ಜಮಖಾನದ ಸಲುವಾಗಿ ಬಂದೀನಿ, ಪಕ್ಷದ ಸಲುವಾಗಿ ಅಲ್ಲ" ಎಂದಳು. ಹಾಗಿದ್ದರೆ ನಾನು ಉಳಿದ ಹಾಗೆಯೇ ಅವಳೂ ಪಕ್ಷ ಸೇರಿದಳು. ಯಾಕೆ ಉಳಿದೆಯೆಂದು ಮಾಮಾ ಅವತ್ತು ನನ್ನನ್ನು ಕೇಳಿರಲಿಲ್ಲ, ನಾನೂ ಅವಳನ್ನು ಕೇಳಲಿಲ್ಲ.